ಅಟ್ಟದ ಮೇಲಿನ ಹಳೆಯ ಕೋವಿ
(ಸೀವುಡ್ಸ್‌ನಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಲ್ಲಿ ಕೋವಿಯ ಮಾತೇಕೆಂದು ತಮಗೆ ತೋರಬಹುದು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯದಲ್ಲಿ ಒಂದಾದ ಸೀಮೆಗಳಲ್ಲಿ ಕೊಡಗೂ ಒಂದು. ಅಲ್ಲಿ ಕೋವಿಯೆಂಬುದು ಬರಿಯ ಆಯುಧವಲ್ಲ, ಮನೆತನದ ವಸ್ತು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವುದು ಅಲ್ಲಿಯ ಪದ್ಧತಿ. ಕೈಲ್ ಮುಹೂರ್ತದಲ್ಲಿ ಕೋವಿಗೆ ಹೂ ಮುಡಿಸಿ ಪೂಜಿಸುವರು. ಹುತ್ತರಿಯಲ್ಲಿ ಕದಿರು ಕೊಯ್ಯುವಾಗ ಗುಂಡು ಹಾರಿಸುವರು. ಮಲೆನಾಡಿನ ತೋಟದ ಮನೆಗಳಲ್ಲಿಯೂ ಬೆಳೆ ಕಾಯುವ ಕೋವಿಗಳುಂಟು. ನಾವೋ ಸೀವುಡ್ಸ್‌ನ ಫ್ಲ್ಯಾಟುಗಳಲ್ಲಿದ್ದೇವೆ. ಊರಿನಲ್ಲಿ ಹಿರಿಯರು ತೀರಿಕೊಂಡಾಗ ಗದ್ದೆ, ಒಡವೆಗಳೊಡನೆ ಕೋವಿಯ ಪ್ರಶ್ನೆಯೂ ನಮ್ಮ ಪಾಲಿಗೆ ಬರುತ್ತದೆ.

ಬ್ಯಾಂಕಿನ ಗುಮಾಸ್ತರಾದ ನಾವು ಚೆಕ್ಕು ಕೈಗೆ ಬಂದರೆ ಮೊದಲು ತಾರೀಖು, ಸಹಿಗಳನ್ನು ನೋಡುತ್ತೇವೆ. ಹಣ ಕೊಡುವ ಮಾತು ಆಮೇಲೆ. ಕೋವಿಗೂ ಹೀಗೊಂದು ಕ್ರಮವುಂಟು.

ಮೊದಲನೆಯದು ಕ್ಷೇಮ. ಯಾವ ಕೋವಿಯನ್ನೂ ತುಂಬಿದ ಕೋವಿಯೆಂದೇ ಭಾವಿಸತಕ್ಕದ್ದು. ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಯಲ್ಲಿ ಅಜ್ಜ ಹಾಕಿದ ಮದ್ದು ಚರೆಗಳು ಮೊಮ್ಮಗನ ಕಾಲಕ್ಕೂ ಜೀವಂತವಾಗಿರಬಹುದು. ಬಾಯಿಯನ್ನು ಯಾರ ಕಡೆಗೂ ತಿರುಗಿಸಬಾರದು, ಒಳಗೆ ಇಣುಕಬಾರದು, ಟ್ರಿಗರ್ ಮುಟ್ಟಬಾರದು, ಮಕ್ಕಳನ್ನು ಹತ್ತಿರ ಬಿಡಬಾರದು. ಬರಿದು ಮಾಡುವ ಕೆಲಸ ಬಲ್ಲ ಕಮ್ಮಟದವನದು.

ಎರಡನೆಯದು ಗುರುತು. ಬಾಗಿಸಿ ತೋಟಾ ಹಾಕುವ ಕೋವಿಯಾದರೆ ನಳಿಗೆಯ ಕೆಳಗಿನ ಮುದ್ರೆಗಳನ್ನು ತಜ್ಞನಿಂದ ಓದಿಸಬೇಕು. ಬರ್ಮಿಂಗ್‌ಹ್ಯಾಮಿನಲ್ಲಿ ನಳಿಗೆಗಳನ್ನು ಪರೀಕ್ಷಿಸಿ ಮುದ್ರೆಯೊತ್ತುವ ಸಂಸ್ಥೆ 1813ರಿಂದಲೂ ಇದೆ. ಇಂಗ್ಲಿಷ್ ಹೆಸರಿದ್ದರೂ ಮುದ್ರೆ ಬೆಲ್ಜಿಯಮಿನ ಲಿಯೇಜಿನದಾಗಿರಬಹುದು. ಹೆಸರಿಗಿಂತ ಮುದ್ರೆಯೇ ಸಾಕ್ಷಿ. ಹನ್ನೆರಡು ಬೋರ್ ಎಂದರೆ, ಒಂದು ಪೌಂಡು ಸೀಸವನ್ನು ಹನ್ನೆರಡು ಸಮ ಗುಂಡುಗಳಾಗಿ ಮಾಡಿದರೆ ಅದರಲ್ಲೊಂದು ಹಿಡಿಸುವಷ್ಟು ನಳಿಗೆಯ ಅಗಲ, ಸುಮಾರು 18.5 ಮಿಲಿಮೀಟರು. ಮೈಮೇಲೆ ಅಲೆಅಲೆಯಾದ ಗೆರೆಗಳಿರುವ ದಮಾಸ್ಕಸ್ ನಳಿಗೆ ಕರಿಮದ್ದಿನ ಕಾಲದ ಕೆಲಸ. ಅದಕ್ಕೆ ಈಗಿನ ತೋಟಾ ತುಂಬಿದರೆ ನಳಿಗೆ ಸಿಡಿದು ಕೈ ಹೋದೀತು.

ಮೂರನೆಯದು ಬೆಲೆ. ತಯಾರಕ, ಸ್ಥಿತಿ, ಮೂಲದ ಭಾಗಗಳು, ಕಾಗದಪತ್ರ ಇವು ಬೆಲೆ ಕಟ್ಟುತ್ತವೆ. ಮರಳು ಕಾಗದದಿಂದ ಉಜ್ಜಿ ಹೊಳಪಿಸಿದವನು ಮುದ್ರೆಯನ್ನೂ ಬೆಲೆಯನ್ನೂ ಒಟ್ಟಿಗೇ ಉಜ್ಜಿಹಾಕುತ್ತಾನೆ. ಕಾಗದವಿಲ್ಲದ ಕೋವಿ ಎಷ್ಟೇ ಚೆಂದವಿದ್ದರೂ ಆಸ್ತಿಯಲ್ಲ, ಆಪತ್ತು.

ಕಡೆಯದು ಕಾನೂನು. ತಂದೆಯ ಲೈಸೆನ್ಸು ಮಗನಿಗೆ ತಾನಾಗಿ ಇಳಿದು ಬರುವುದಿಲ್ಲ. 1959ರ ಆಯುಧ ಕಾಯಿದೆಯಂತೆ ಕೋವಿಯನ್ನು ತಡಮಾಡದೆ ಠಾಣೆಯಲ್ಲಾಗಲಿ ಲೈಸೆನ್ಸುಳ್ಳ ವ್ಯಾಪಾರಿಯಲ್ಲಾಗಲಿ ಇರಿಸಿ, ವಾರಸುದಾರನು ಲೈಸೆನ್ಸಿಗೆ ಅರ್ಜಿ ಹಾಕಬೇಕು. ಯಜಮಾನರಿಗೆ 70 ವರ್ಷ ತುಂಬಿದ್ದರೆ, ಇಲ್ಲವೆ ಅವರು ಕೋವಿಯನ್ನು 25 ವರ್ಷ ಇಟ್ಟುಕೊಂಡಿದ್ದರೆ, ಅವರು ಇರುವಾಗಲೇ ವಾರಸುದಾರನ ಹೆಸರಿಗೆ ಮಾಡಿಸಲು 2016ರ ನಿಯಮಗಳಲ್ಲಿ ಅವಕಾಶವಿದೆ. 2019ರ ತಿದ್ದುಪಡಿಯ ಮೇಲೆ ಒಬ್ಬರಿಗೆ ಸಾಮಾನ್ಯವಾಗಿ ಎರಡೇ ಕೋವಿ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇರುವ ಲೈಸೆನ್ಸಿನ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದೆ. 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಉಳಿದ ನಮಗೆ ಆ ಸೌಲಭ್ಯವಿಲ್ಲ. ಬರೀ ಹಳೆಯದೆಂಬ ನೆವವೂ ನಡೆಯದು. ರಿಪೇರಿ ಮಾಡಿದರೂ ಗುಂಡು ಹಾರಿಸಲಾರದಂಥದಕ್ಕೆ ಮಾತ್ರ ಕಾಯಿದೆ ರಿಯಾಯಿತಿ ಕೊಡುತ್ತದೆ. ಬಟ್ಟೆಯಲ್ಲಿ ಸುತ್ತಿ ರೈಲಿನಲ್ಲಿ ತರುವ ಯೋಚನೆ ಬೇಡ. ಆಯುಧಕ್ಕೆ ಬ್ಯಾಂಕಿನ ಲಾಕರಿನಲ್ಲಿ ಜಾಗವೂ ಇಲ್ಲ!

ಆದುದರಿಂದ ಈ ಸಲ ಊರಿಗೆ ಹೋದಾಗ ಹಿರಿಯರ ಪಕ್ಕದಲ್ಲಿ ಕುಳಿತು ಕೇಳೋಣ: ಕೋವಿ ಯಾರು ತಂದದ್ದು, ಲೈಸೆನ್ಸು ಎಲ್ಲಿದೆ, ಮುಂದೆ ಯಾರ ಹೆಸರಿಗೆ? ಅವರ ಉತ್ತರವನ್ನು ಕನ್ನಡದಲ್ಲೇ ಬರೆದಿಟ್ಟುಕೊಳ್ಳೋಣ. ಕೋವಿಯನ್ನು ಸರ್ಕಾರಕ್ಕೆ ಒಪ್ಪಿಸಬೇಕಾಗಿ ಬಂದರೂ ಆ ಬರಹ ಮನೆಯಲ್ಲಿ ಉಳಿಯುತ್ತದೆ. ಅದಕ್ಕೆ ಯಾವ ಲೈಸೆನ್ಸೂ ಬೇಡ.