ರುವಾಂಡಾ ದೇಶದ ಆರೋಗ್ಯೋದ್ಧಾರವೂ ನಮ್ಮ ಏಕೀಕರಣವೂ

(ಶಿಕ್ಷಕರೂ ನಾಗರಿಕರೂ ನೆರೆದ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸ)



ಒಂದೇ ನುಡಿಯನ್ನಾಡುವ ಜನರು ಒಂದೇ ಆಡಳಿತದ ಕೆಳಗೆ ಬಂದರೆ ನಾಡು ತಾನಾಗಿಯೇ ಒಂದಾಗುವದೆಂಬ ನಂಬಿಕೆಯು ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಈ ನಂಬಿಕೆಯನ್ನು ಒರೆಗೆ ಹಚ್ಚಿ ನೋಡಬೇಕಾದರೆ ಆಫ್ರಿಕಾ ಖಂಡದ ರುವಾಂಡಾ ಎಂಬ ಚಿಕ್ಕ ದೇಶದ ಕಡೆಗೆ ನಾವು ದೃಷ್ಟಿಯನ್ನು ಹೊರಳಿಸಬೇಕು. ಅಲ್ಲಿಯ ಹುಟು, ಟುಟ್ಸಿ ಎಂಬ ಪಂಗಡಗಳೆರಡರ ತಾಯ್ನುಡಿಯೂ ಕಿನ್ಯರ್ವಾಂಡವೇ. ವಾಸಿಸುವ ಗುಡ್ಡಗಳೂ ಉಳುವ ಹೊಲಗಳೂ ಅಕ್ಕಪಕ್ಕದವು. ಆದರೂ 1990ರಲ್ಲಿ ಹೊತ್ತಿದ ಅಂತರ್ಯುದ್ಧದ ಕೊನೆಗೆ, 1994ರ ಏಪ್ರಿಲ್ ತಿಂಗಳಿನಿಂದ ಸುಮಾರು ನೂರು ದಿನಗಳೊಳಗೆ ಎಂಟು ಲಕ್ಷದಷ್ಟು ಜನರು, ಬಹುಪಾಲು ಟುಟ್ಸಿಗಳು, ಹತರಾದರು. ಎಷ್ಟೋ ಕಡೆಗೆ ಕತ್ತಿಯೆತ್ತಿದವರು ನೆರೆಮನೆಯವರೇ. ನುಡಿ ಒಂದಾದ ಮಾತ್ರಕ್ಕೆ ಜನ ಒಂದಾಗುವದಿಲ್ಲವೆಂಬುದಕ್ಕೆ ಇದಕ್ಕಿಂತ ಘೋರವಾದ ನಿದರ್ಶನವು ಬೇಕಿಲ್ಲ.

ಕೊಲೆಯ ಬೆನ್ನಿಗೇ ರೋಗವೂ ಬಂದಿತು. ಗಡಿಯಾಚೆಯ ಗೋಮಾ ಪಟ್ಟಣದ ಸುತ್ತ ಬೀಡುಬಿಟ್ಟ ನಿರಾಶ್ರಿತರಲ್ಲಿ 1994ರ ಜುಲೈಯಿಂದ ಒಂದೇ ತಿಂಗಳಲ್ಲಿ ಸುಮಾರು 50,000 ಜನರು ಸತ್ತರು. ಕಾಲರಾ, ರಕ್ತಭೇದಿಗಳೇ ಅದಕ್ಕೆ ಮುಖ್ಯ ಕಾರಣ. ಒಳನಾಡಿನಲ್ಲಿ ವೈದ್ಯರೂ ದಾದಿಯರೂ ಹಲವರು ಸತ್ತಿದ್ದರು, ಹಲವರು ಓಡಿಹೋಗಿದ್ದರು, ದವಾಖಾನೆಗಳು ಹಾಳುಬಿದ್ದಿದ್ದವು. 2000ನೆಯ ಇಸವಿಯ ಗಣನೆಯಂತೆ ಹುಟ್ಟಿದ ಸಾವಿರ ಕೂಸುಗಳಲ್ಲಿ 196 ಕೂಸುಗಳು ಐದು ವರ್ಷ ತುಂಬುವದರೊಳಗೆ ಮಣ್ಣಾಗುತ್ತಿದ್ದವು. ದವಾಖಾನೆಯಲ್ಲಿ ಆಗುವ ಹೆರಿಗೆಗಳು ನೂರಕ್ಕೆ 27 ಮಾತ್ರ.

ಇಂಥ ನಾಡು ಏನು ಮಾಡಿತು? ಮೊದಲು ಹಣದ ಪ್ರಶ್ನೆಯನ್ನು ಎತ್ತಿಕೊಂಡಿತು. 1999ರಲ್ಲಿ ಮೂರು ಜಿಲ್ಲೆಗಳಲ್ಲಿ ಪರಸ್ಪರ ಸಹಾಯದ ಆರೋಗ್ಯನಿಧಿಯನ್ನು ಪ್ರಯೋಗಕ್ಕಾಗಿ ಆರಂಭಿಸಿ, ಮುಂದೆ ಅದನ್ನು ದೇಶಕ್ಕೆಲ್ಲ ಹಬ್ಬಿಸಿದರು. ವರ್ಷಕ್ಕೊಮ್ಮೆ ಮನೆಮಂದಿಯ ಲೆಕ್ಕದಲ್ಲಿ ಅಲ್ಪ ವಂತಿಗೆ. ಕಡುಬಡವರ ವಂತಿಗೆಯನ್ನು ಸರಕಾರವೂ ದಾನಿಗಳೂ ತುಂಬುವರು. ಆರೋಗ್ಯವಂತನ ಹಣವು ರೋಗಿಗೆ ಒದಗುವದು. ಹುಟುವಿನ ವಂತಿಗೆಯು ಟುಟ್ಸಿಯ ಜ್ವರಕ್ಕೂ, ಟುಟ್ಸಿಯ ವಂತಿಗೆಯು ಹುಟುವಿನ ಹೆರಿಗೆಗೂ ಸಲ್ಲುವದು.

ಎರಡನೆಯದು ಜನಬಲ. ವೈದ್ಯರನ್ನು ಸಿದ್ಧಪಡಿಸಲು ವರ್ಷಗಳು ಬೇಕು; ಜ್ವರ ಬಂದ ಮಗು ಅಲ್ಲಿಯವರೆಗೆ ಕಾಯಲಾರದು. ಆದುದರಿಂದ ಹಳ್ಳಿಗರೇ ತಮ್ಮೊಳಗಿನ ಓದುಬರಹ ಬಲ್ಲವರನ್ನು ಆರಿಸುವಂತೆ ಏರ್ಪಡಿಸಿದರು. ಹಳ್ಳಿಗೆ ಮೂವರಂತೆ ಸುಮಾರು 45,000 ಆರೋಗ್ಯಸೇವಕರ ಪಡೆಯು ಸಿದ್ಧವಾಯಿತು. ಮಕ್ಕಳ ಮಲೇರಿಯಾ, ನ್ಯುಮೋನಿಯಾ, ಭೇದಿಗಳಿಗೆ ಇವರು ಮನೆಬಾಗಿಲಲ್ಲಿಯೇ ಔಷಧ ಕೊಡುವರು. ಮೂವರಲ್ಲಿ ಒಬ್ಬಳು ಬಸುರಿ ಬಾಣಂತಿಯರ ಯೋಗಕ್ಷೇಮಕ್ಕೆಂದೇ ಮೀಸಲಾಗಿದ್ದಳು. ಇವರಿಗೆ ತಿಂಗಳ ಸಂಬಳವಿಲ್ಲ. ಕೆಲಸದ ಫಲವನ್ನು ನೋಡಿ ಸಲ್ಲುವ ಹಣವು ಇವರ ಸಹಕಾರಿ ಸಂಘಗಳಿಗೆ ಹೋಗುವದು.

ಫಲವನ್ನು ಅಂಕಿಗಳೇ ಹೇಳುವವು. 2019-20ರ ಗಣನೆಯಲ್ಲಿ ಐದು ವರ್ಷದೊಳಗಿನ ಮಕ್ಕಳ ಮರಣವು ಸಾವಿರಕ್ಕೆ 196ರಿಂದ 45ಕ್ಕೆ ಇಳಿದಿತ್ತು. ದವಾಖಾನೆಯ ಹೆರಿಗೆಗಳು ನೂರಕ್ಕೆ 93ಕ್ಕೆ ಏರಿದ್ದವು. ಲಕ್ಷ ಜನನಗಳಿಗೆ 1071 ತಾಯಂದಿರು ಸಾಯುತ್ತಿದ್ದಲ್ಲಿ ಆ ಸಂಖ್ಯೆಯು 203 ಆಗಿತ್ತು. 2024ರ ಸೆಪ್ಟೆಂಬರದಲ್ಲಿ ಮಾರ್ಬರ್ಗ್ ಎಂಬ ಮಾರಕ ಬೇನೆಯು ಕಾಣಿಸಿಕೊಂಡಾಗ 66 ಜನರಿಗೆ ಸೋಂಕು ತಗಲಿತು. ಅವರಲ್ಲಿ ದವಾಖಾನೆಯ ಸಿಬ್ಬಂದಿಯೇ ಹೆಚ್ಚು. ಸತ್ತವರು 15, ಡಿಸೆಂಬರ 20ಕ್ಕೆ ಹಾವಳಿಯು ಮುಗಿಯಿತೆಂದು ಸಾರಲಾಯಿತು. ಇದೇ ಬೇನೆಯು 2004-05ರಲ್ಲಿ ಅಂಗೋಲಾ ದೇಶದಲ್ಲಿ ಹಿಡಿದವರಲ್ಲಿ ಹತ್ತಕ್ಕೆ ಎಂಟಕ್ಕಿಂತ ಹೆಚ್ಚು ಜನರನ್ನು ಬಲಿತೆಗೆದುಕೊಂಡಿತ್ತು.

ಹೊಗಳಿಕೆಯಲ್ಲಿ ನಾವು ಮೈಮರೆಯಬಾರದು. ಅದೇ 2019-20ರ ಗಣನೆಯಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 33 ಮಕ್ಕಳು ಪೋಷಣೆಯಿಲ್ಲದೆ ಗಿಡ್ಡಾಗಿದ್ದವು. ಪರದೇಶದ ನೆರವೂ ಈ ಕಾರ್ಯದಲ್ಲಿ ಸಣ್ಣದಲ್ಲ. ಅಲ್ಲಿಯ ಸರಕಾರವು ವಿರೋಧಿಗಳನ್ನು ನಡೆಸಿಕೊಳ್ಳುವ ರೀತಿಯನ್ನು ಹಲವರು ಖಂಡಿಸಿದ್ದಾರೆ. ಅದನ್ನು ನಾವು ಮೆಚ್ಚಬೇಕಾದುದಿಲ್ಲ. ಆದರೆ ಒಳ್ಳೆಯ ಪಾಠವು ಎಲ್ಲಿಂದ ಬಂದರೂ ಒಳ್ಳೆಯದೇ.

ಇನ್ನು ನಮ್ಮ ಮನೆಯ ಮಾತು. ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿದ್ದ ಕನ್ನಡಿಗರು 1956ನೆಯ ನವ್ಹೆಂಬರ 1ರಂದು ಒಂದು ರಾಜ್ಯದಲ್ಲಿ ಕೂಡಿದರು. ನಕಾಶೆಯ ಮೇಲೆ ಗೆರೆಗಳು ಅಳಿಸಿದವು. ಆದರೆ 46 ವರ್ಷಗಳ ತರುವಾಯ, 2002ರಲ್ಲಿ, ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 114 ತಾಲೂಕುಗಳು ಹಿಂದುಳಿದಿವೆಯೆಂದು ವರದಿಯಿತ್ತಿತು. ಅವುಗಳಲ್ಲಿ ಅತ್ಯಂತ ಹಿಂದುಳಿದವು 39; ಆ 39ರಲ್ಲಿ 21 ಕಲಬುರ್ಗಿ ವಿಭಾಗದವು! ಅಳಿಸಿದ ಗೆರೆಯು ನೆಲದ ಮೇಲೆ ಉಳಿದೇ ಇತ್ತು. ಯಾದಗಿರಿಯ ಕೂಲಿಯವಳಿಗೂ ಉಡುಪಿಯ ಗೃಹಿಣಿಗೂ ಹೆರಿಗೆಯ ನೋವು ಒಂದೇ ಬಗೆಯದು. ದೊರೆಯುವ ಆರೈಕೆಯೂ ಒಂದೇ ಬಗೆಯದಾಗುವವರೆಗೆ ಏಕೀಕರಣವು ಪೂರ್ತಿಯಾಯಿತೆಂದು ನಾವು ಯಾವ ಬಾಯಿಯಿಂದ ಹೇಳೋಣ?

ವಂತಿಗೆಯ ವಿಚಾರವು ನಮಗೆ ಹೊಸದಲ್ಲ. 2003ರಲ್ಲಿ ನಮ್ಮ ರಾಜ್ಯವೇ ಸಹಕಾರಿ ಸಂಘಗಳ ರೈತರಿಗಾಗಿ ತಿಂಗಳಿಗೆ 5 ರೂಪಾಯಿಯ ಲೆಕ್ಕದಲ್ಲಿ ಯಶಸ್ವಿನಿ ಯೋಜನೆಯನ್ನು ಆರಂಭಿಸಿತು. ಅದರ ಮುಖ್ಯ ಲಕ್ಷ್ಯವು ದೊಡ್ಡ ದವಾಖಾನೆಯ ಶಸ್ತ್ರಚಿಕಿತ್ಸೆ. ರುವಾಂಡಾ ಹಳ್ಳಿಯ ಜ್ವರದಿಂದ ಆರಂಭಿಸಿ ಮೇಲಕ್ಕೆ ಏರಿತು. ಬುಡಕ್ಕೆ ನೀರೆರೆದರೆ ತುದಿಗೂ ಮುಟ್ಟುವದೆಂಬುದನ್ನು ಒಕ್ಕಲಿಗನಿಗೆ ಹೇಳಿಕೊಡಬೇಕಾಗಿಲ್ಲ.

ಶಿಕ್ಷಕ ಬಂಧುಗಳೇ, ನಿಮ್ಮ ಊರಿನಲ್ಲಿಯೂ ಆಶಾ ಕಾರ್ಯಕರ್ತೆಯಿದ್ದಾಳೆ. ಗ್ರಾಮ ಆರೋಗ್ಯ ಸಮಿತಿಯು ಕಾಗದದ ಮೇಲಾದರೂ ಇದೆ. ಆ ಸಮಿತಿಯು ಕೂಡುವದೋ ಇಲ್ಲವೋ, ಬಂದ ಹಣವು ಎಲ್ಲಿ ಹೋಯಿತು, ಕಳೆದ ವರ್ಷ ಊರಲ್ಲಿ ಎಷ್ಟು ಕೂಸುಗಳು ಸತ್ತವು ಮತ್ತು ಏತರಿಂದ ಸತ್ತವು ಎಂಬುದನ್ನು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿರಿ. ಲೆಕ್ಕವನ್ನು ಕನ್ನಡದಲ್ಲಿ ಬರೆದು ಶಾಲೆಯ ಗೋಡೆಗೆ ಹಚ್ಚಿರಿ. ನೆರೆಯವನನ್ನು ಕೊಂದ ಊರುಗಳಲ್ಲಿಯೇ ನೆರೆಯವನ ಮಗುವನ್ನು ಉಳಿಸುವ ವ್ಯವಸ್ಥೆಯು ಬೆಳೆಯಿತು. ಅಂಥ ಪಾಪವನ್ನು ಕಾಣದ ನಮಗೆ ಅದು ಅಸಾಧ್ಯವೆಂದು ಹೇಳುವ ಅಧಿಕಾರವಿಲ್ಲ. ನುಡಿಯು ನಮ್ಮನ್ನು ಒಂದುಗೂಡಿಸಿದೆ. ಒಬ್ಬರ ಜೀವಕ್ಕೆ ಇನ್ನೊಬ್ಬರು ಹೊಣೆಯಾದಾಗಲೇ ನಾವು ಒಂದು ನಾಡಾಗುವೆವು.