ಸತುವನ್ನು ಕಳೆದುಕೊಳ್ಳುವ ಜೀವಕೋಶ



ಸತು ಎಂದೊಡನೆ ನಿಮಗೆ ನೆನಪಾಗುವುದು ಟಾರ್ಚಿನ ಸೆಲ್ಲಿನ ಹೊರಕವಚ, ಇಲ್ಲವೇ ತಾಮ್ರದೊಡನೆ ಅದು ಬೆರೆತು ಆಗುವ ಹಿತ್ತಾಳೆ. ಈ ಲೋಹ ನಮ್ಮ ದೇಹದಲ್ಲೂ ಇದೆ. ಮೃದು ಅಂಗಗಳ ಪೈಕಿ ಅದು ಅತಿ ಹೆಚ್ಚಾಗಿ ಸೇರಿಕೊಂಡಿರುವುದು ಪ್ರಾಸ್ಟೇಟ್ ಗ್ರಂಥಿಯಲ್ಲಿ. ಗಂಡಸರಲ್ಲಿ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು, ದೊಡ್ಡ ನೆಲ್ಲಿಕಾಯಿಯಷ್ಟಿರುವ ಗ್ರಂಥಿ ಅದು. ವೀರ್ಯದ ದ್ರವಭಾಗದ ಒಂದಂಶ ಅಲ್ಲಿಂದ ಬರುತ್ತದೆ.

ಅಲ್ಲಿ ಅಷ್ಟೊಂದು ಸತುವಿಗೆ ಏನು ಕೆಲಸ? ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರ ಓದಿದವರಿಗೆ ಕ್ರೆಬ್ಸ್ ಚಕ್ರ ನೆನಪಿರಬಹುದು. ಬೇರೆ ಜೀವಕೋಶಗಳಲ್ಲಿ ಸಿಟ್ರೇಟ್ ತಯಾರಾಗಿ, ಆ ಚಕ್ರದಲ್ಲಿ ಹಂತಹಂತವಾಗಿ ಸಾಗಿ ಶಕ್ತಿಯನ್ನು ಒದಗಿಸುತ್ತದೆ. ಪ್ರಾಸ್ಟೇಟಿನಲ್ಲಿ ಹಾಗಲ್ಲ. ಸಿಟ್ರೇಟನ್ನು ಮುಂದಕ್ಕೆ ಸಾಗಿಸುವ ಅಕೊನಿಟೇಸ್ ಎಂಬ ಕಿಣ್ವವನ್ನು ಸತು ತಡೆಹಿಡಿಯುತ್ತದೆ. ಉಳಿದ ಸಿಟ್ರೇಟ್ ಗ್ರಂಥಿಯ ಸ್ರಾವದೊಡನೆ ಹೊರಬೀಳುತ್ತದೆ. ತನ್ನ ಉರುವಲನ್ನೇ ಹೊರಗೆ ಕೊಟ್ಟುಬಿಡುವ ಇಂಥ ಜೀವಕೋಶ ದೇಹದಲ್ಲಿ ಅಪರೂಪ.

ಕ್ಯಾನ್ಸರ್ ತಗುಲಿದ ಪ್ರಾಸ್ಟೇಟಿನಲ್ಲಿ ಸತು ಬಹಳ ಕಡಿಮೆ ಎಂದು 1952ರಲ್ಲಿಯೇ ಮಾಸನ್ ಮತ್ತು ಫಿಷರ್ ವರದಿ ಮಾಡಿದ್ದರು. ಇದರ ಒಳಗುಟ್ಟನ್ನು ಬಹುಕಾಲ ಬೆನ್ನುಹತ್ತಿದವರು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದ ಕಾಸ್ಟೆಲೋ ಮತ್ತು ಫ್ರಾಂಕ್ಲಿನ್. ಸತುವನ್ನು ಜೀವಕೋಶದೊಳಕ್ಕೆ ಬಿಟ್ಟುಕೊಳ್ಳುವ ಬಾಗಿಲೊಂದಿದೆ. ಅದು ಜಿಪ್-1 ಎಂಬ ಪ್ರೋಟೀನು. ಕ್ಯಾನ್ಸರ್ ಕೋಶಗಳಲ್ಲಿ ಈ ಬಾಗಿಲು ಮುಚ್ಚಿಹೋಗಿರುತ್ತದೆ. ಸತು ಇಲ್ಲವಾದಾಗ ಅಕೊನಿಟೇಸಿಗೆ ತಡೆಯಿಲ್ಲ. ಹೊರಗೆ ಹೋಗಬೇಕಿದ್ದ ಸಿಟ್ರೇಟ್ ಕೋಶದ ಸ್ವಂತ ಬಳಕೆಗೆ ಸಿಗುತ್ತದೆ.

ಇನ್ನು ಹರಡುವಿಕೆಯ ವಿಷಯ. ಪ್ರಾಸ್ಟೇಟ್ ಕ್ಯಾನ್ಸರ್ ಹರಡಿದರೆ ಹೆಚ್ಚಾಗಿ ಬೆನ್ನೆಲುಬು, ಸೊಂಟದ ಮೂಳೆಗಳಿಗೆ ಇಳಿಯುತ್ತದೆ. (ಮನೆಯ ಹಿರಿಯರು ಬಿಡದ ಬೆನ್ನುನೋವನ್ನು ‘ವಯಸ್ಸಾಯಿತಲ್ಲ’ ಎಂದು, ಮೂತ್ರದ ತೊಂದರೆಯನ್ನು ನಾಚಿಕೆಯಿಂದ, ಮುಚ್ಚಿಡುವುದುಂಟು. ಮೂತ್ರದ ತೊಂದರೆ ಬಹುಪಾಲು ಕ್ಯಾನ್ಸರೇನೂ ಆಗಿರುವುದಿಲ್ಲ. ಆದರೂ ವೈದ್ಯರಿಗೆ ತೋರಿಸಲೇಬೇಕು.) ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳಿಗೆ ಸತು ಸೇರಿಸಿದಾಗ, ಸುತ್ತಲಿನ ಪೊರೆಯನ್ನು ಕೊರೆದು ನುಗ್ಗುವ ಅವುಗಳ ಸಾಮರ್ಥ್ಯ ಕುಗ್ಗಿತು.

ಹಾಗಾದರೆ ಸತುವಿನ ಮಾತ್ರೆ ನುಂಗಿದರಾಯಿತಲ್ಲ ಎಂದು ನೀವು ಕೇಳಬಹುದು. ಅನೇಕರು ಹಾಗೆಯೇ ತಿಳಿದು ನುಂಗುತ್ತಾರೆ. ಅಮೆರಿಕದಲ್ಲಿ ಆರೋಗ್ಯಕ್ಷೇತ್ರದ ವೃತ್ತಿಗಳಲ್ಲಿದ್ದ 46,974 ಗಂಡಸರನ್ನು 14 ವರ್ಷ ಗಮನಿಸಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ದಿನಕ್ಕೆ 100 ಮಿಲಿಗ್ರಾಮಿಗಿಂತ ಹೆಚ್ಚು ಸತುವನ್ನು ಮಾತ್ರೆಯಾಗಿ ಸೇವಿಸಿದವರಲ್ಲಿ, ಉಲ್ಬಣಿಸಿದ ಪ್ರಾಸ್ಟೇಟ್ ಕ್ಯಾನ್ಸರಿನ ಸಂಭವ ಮಾತ್ರೆ ಮುಟ್ಟದವರ 2.29 ಪಟ್ಟು ಇತ್ತು! ಅಲ್ಲಿನ ಶಿಫಾರಸಿನಂತೆ ಗಂಡಸಿಗೆ ದಿನಕ್ಕೆ ಬೇಕಾದದ್ದು 11 ಮಿಲಿಗ್ರಾಂ. ಮಾತ್ರೆಯೇ ರೋಗ ತಂದಿತೆಂದು ಇಂಥ ಅಧ್ಯಯನ ಸಾಧಿಸಲಾರದು, ನಿಜ. ಆದರೆ ಮಾತ್ರೆ ಕಾಯುತ್ತದೆಂಬ ನಂಬಿಕೆಗೆ ಅದರಲ್ಲಿ ಆಧಾರವೂ ಸಿಗಲಿಲ್ಲ.

ಹೊಟ್ಟೆಗೆ ಹೋದ ಸತು ರಕ್ತಕ್ಕೆ ಸೇರಬಹುದು. ಬಾಗಿಲು ಮುಚ್ಚಿದ ಕೋಶದೊಳಕ್ಕೆ ಹೋಗುವುದು ಹೇಗೆ? ಆದ್ದರಿಂದಲೇ ಕೆಲವು ಸಂಶೋಧಕರು ಸತುವನ್ನು ಹೊತ್ತು ಪೊರೆಯನ್ನು ದಾಟಿಸಬಲ್ಲ ಅಣುಗಳನ್ನು ಹುಡುಕಿದರು. ಕ್ಲಿಯೊಕ್ವಿನಾಲ್ ಎಂಬ ಹಳೆಯ ಔಷಧಿ ಅಂಥದ್ದೊಂದು. ಕಾಸ್ಟೆಲೋ ಮತ್ತು ಫ್ರಾಂಕ್ಲಿನ್ ಅವರೇ ಇದನ್ನು ಇಲಿಗಳಲ್ಲಿ ಪರೀಕ್ಷಿಸಿದಾಗ ಗಡ್ಡೆಯ ಬೆಳವಣಿಗೆ ತಗ್ಗಿತು. ಮನುಷ್ಯರಿಗೆ ಅದು ಇನ್ನೂ ಒಪ್ಪಿತ ಚಿಕಿತ್ಸೆಯಾಗಿಲ್ಲ.