ಪುಟದ ಹಣೆಬರಹ



ಹುಣಸೂರು ತಾಲ್ಲೂಕಿನ ಗಾವಡಗೆರೆ ಹೋಬಳಿಯ ಕಡೆಗೆ ಹೋದವರು ಅಲ್ಲಿಯ ಹೊಗೆಸೊಪ್ಪಿನ ಹೊಲಗಳನ್ನೂ, ಸೊಪ್ಪನ್ನು ಹದಮಾಡುವ ಬ್ಯಾರನ್‌ಗಳನ್ನೂ ಕಂಡಿರಬಹುದು. ಹದಗೊಂಡ ಸೊಪ್ಪು ಬೇಲ್ ಆಗಿ ಹರಾಜು ಮಾರುಕಟ್ಟೆಗೆ ಬಂದಾಗ ಒಂದೊಂದಕ್ಕೂ ಒಂದು ಚೀಟಿ ಬೀಳುತ್ತದೆ. ಇದರ ನಂಬರು ಯಾವುದು, ತೂಕ ಎಷ್ಟು ಎಂಬುದು ಅದರಿಂದ ತಿಳಿಯುತ್ತದೆ. ಒಂದು ದಿನ ಆ ಚೀಟಿಗಳೆಲ್ಲ ಹಾರಿಹೋದವು ಎಂದು ಭಾವಿಸಿ. ಸೊಪ್ಪಿನ ಗುಣ ಎಳ್ಳಷ್ಟೂ ಕಡಿಮೆಯಾಗಿರುವುದಿಲ್ಲ. ಆದರೆ ಯಾರದು ಯಾವುದು ಎಂದು ಗೊತ್ತಾಗದೆ ಬೆಳೆದವನ ಕೈಗೆ ದುಡ್ಡು ಸೇರುವುದಿಲ್ಲ. ವರ್ಷದ ದುಡಿಮೆ ಒಂದು ಚೂರು ಕಾಗದದ ಮೇಲೆ ನಿಂತಿರುತ್ತದೆ.

ಇಂಟರ್‌ನೆಟ್ಟಿನಲ್ಲಿ ನಾವು ಬರೆದು ಇಡುವ ಪುಟಗಳಿಗೂ ಇಂಥ ಚೀಟಿಗಳುಂಟು. ಅವಕ್ಕೆ ಮೆಟಾ ಟ್ಯಾಗ್ ಎಂದು ಹೆಸರು. ಬರಹವನ್ನು ಕುರಿತ ಬರಹ ಎಂದು ಇದರ ಅರ್ಥವನ್ನು ಇಟ್ಟುಕೊಳ್ಳಬಹುದು. ಪ್ರತಿಯೊಂದು ಜಾಲಪುಟಕ್ಕೂ ತಲೆ, ಮೈ ಎಂಬ ಎರಡು ಭಾಗಗಳಿವೆ. ಮೈ ನಮ್ಮ ಕಣ್ಣಿಗೆ ಕಾಣುತ್ತದೆ. ತಲೆ ಕಾಣುವುದಿಲ್ಲ, ಅದನ್ನು ಯಂತ್ರಗಳು ಓದಿಕೊಳ್ಳುತ್ತವೆ. ಈ ಚೀಟಿಗಳಿರುವುದು ತಲೆಯಲ್ಲಿ. ಆದ್ದರಿಂದ ಇವನ್ನು ಪುಟದ ಹಣೆಬರಹವೆಂದು ಕರೆದರೆ ತಪ್ಪಾಗಲಾರದು. ನಮ್ಮ ಹಣೆಬರಹವನ್ನು ಬರೆದವನು ಬೇರೆ. ಪುಟದ ಹಣೆಬರಹವನ್ನು ಮಾತ್ರ ನಾವೇ ಬರೆಯಬೇಕು.

ಒಂದು ದೃಷ್ಟಾಂತ ಕೊಡುತ್ತೇನೆ. ಗಾವಡಗೆರೆಯ ನಿವೃತ್ತ ಉಪಾಧ್ಯಾಯರೊಬ್ಬರು ಸುತ್ತಲಿನ ಕೆರೆಕಟ್ಟೆಗಳು, ಕಲ್ಲುಬರಹಗಳು, ಮುದುಕರು ಹೇಳಿದ ಸಂಗತಿಗಳು, ಇವನ್ನೆಲ್ಲ ಹತ್ತು ವರ್ಷ ಕಲೆಹಾಕಿ ಜಾಲಪುಟವೊಂದರಲ್ಲಿ ಇಟ್ಟರು ಎಂದುಕೊಳ್ಳೋಣ. ಊರು ಬಿಟ್ಟು ಬೆಂಗಳೂರು ಸೇರಿದವರ ಮಗಳೊಬ್ಬಳು ತನ್ನ ಅಜ್ಜನ ಊರಿನ ಸಂಗತಿ ತಿಳಿಯಬೇಕೆಂದು ಆ ಪುಟವನ್ನು ತೆರೆಯುತ್ತಾಳೆ. ಕಾಣುವುದು ಕನ್ನಡವಲ್ಲ. ತಲೆಯ ಮೇಲೆ ಗೀಟುಳ್ಳ ಯೂರೋಪಿನ ಎ ಅಕ್ಷರ, ಅದರ ಪಕ್ಕದಲ್ಲಿ ಮೇಲಕ್ಕೆ ಏರಿ ಕುಳಿತ ಪುಟ್ಟ 2, ಆಮೇಲೊಂದು ಚುಕ್ಕೆ. ಪುಟದ ಉದ್ದಕ್ಕೂ ಇದೇ ಮೆರವಣಿಗೆ. ಹುಡುಗಿ ಪುಟವನ್ನು ಮುಚ್ಚಿಬಿಡುತ್ತಾಳೆ.

ಹೀಗೇಕಾಯಿತು? ಯಂತ್ರಕ್ಕೆ ಅಕ್ಷರ ಗೊತ್ತಿಲ್ಲ, ಅಂಕಿ ಗೊತ್ತು. ಯೂನಿಕೋಡ್ ಎಂಬ ಲೋಕಮಾನ್ಯ ಪಟ್ಟಿಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಮನೆಗಳ ಒಂದು ಕೇರಿ ದೊರೆತಿದೆ. 1992ರಲ್ಲಿ ಕೆನ್ ಥಾಮ್ಸನ್, ರಾಬ್ ಪೈಕ್ ಎಂಬಿಬ್ಬರು ರೂಪಿಸಿದ ಯುಟಿಎಫ್-8 ಎಂಬ ಕ್ರಮದಲ್ಲಿ ನಮ್ಮ ಒಂದೊಂದು ಅಕ್ಷರಚಿಹ್ನೆಗೂ ಮೂರು ಅಂಕಿಗಳು ಬೇಕು. ‘ಕ’ ಎಂದರೆ 224, 178, 149. ಇವು ಮೂರೂ ಕೂಡಿ ಒಂದು ಅಕ್ಷರವೆಂದು ಯಂತ್ರಕ್ಕೆ ಯಾರಾದರೂ ಹೇಳಬೇಕು. ಪುಟವನ್ನು ಕಳಿಸುವ ಯಂತ್ರವೂ ಹೇಳದೆ, ಪುಟವೂ ಹೇಳದೆ ಹೋದರೆ ನೋಡುವ ಯಂತ್ರ ಊಹೆಗೆ ಇಳಿಯುತ್ತದೆ. ಊಹೆ ತಪ್ಪಿ ಯೂರೋಪಿನ ಹಳೆಯ ಪಟ್ಟಿಯನ್ನು ಹಿಡಿದರೆ, ಮೂರು ಅಂಕಿಗೆ ಮೂರು ಬೇರೆ ಬೇರೆ ಚಿಹ್ನೆಗಳು ಮೂಡುತ್ತವೆ. ಕನ್ನಡ ಅಳಿದಿಲ್ಲ, ಅಂಕಿಗಳೆಲ್ಲ ಕ್ಷೇಮವಾಗಿಯೇ ಇವೆ. ಓದುವ ಬಗೆ ಮಾತ್ರ ತಪ್ಪಿದೆ. ‘ಚಾರ್‌ಸೆಟ್ ಯುಟಿಎಫ್-8’ ಎಂಬ ಒಂದೇ ಸಾಲಿನ ಮೆಟಾ ಟ್ಯಾಗ್ ಈ ಅನಾಹುತವನ್ನು ತಪ್ಪಿಸುತ್ತದೆ. ಇದು ಪುಟದ ಮೊದಲ 1024 ಬೈಟುಗಳ ಒಳಗೇ ಇರಬೇಕೆಂಬುದು ಈಗಿನ ನಿಯಮ. ಅಂದರೆ, ಬಾಗಿಲಲ್ಲಿ ನಿಂತಾಗಲೇ ಹೆಸರು ಹೇಳಬೇಕು. ಊಟಕ್ಕೆ ಕುಳಿತ ಮೇಲೆ ಹೇಳಿದರೆ ಪ್ರಯೋಜನವಿಲ್ಲ.

ಎರಡನೆಯದು ಭಾಷೆ. ಕನ್ನಡಕ್ಕೆ ‘ಕೆಎನ್’ ಎಂಬ ಎರಡಕ್ಷರದ ಅಂತರರಾಷ್ಟ್ರೀಯ ಸಂಕೇತವಿದೆ. ಕಣ್ಣು ಕಾಣದವರಿಗಾಗಿ ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ಯಂತ್ರಗಳು ಈ ಸಂಕೇತವನ್ನು ನೋಡಿ ಕನ್ನಡದ ಧ್ವನಿಯನ್ನು ಆರಿಸಿಕೊಳ್ಳುತ್ತವೆ. ಇಂಗ್ಲಿಷ್ ಪುಟದಿಂದ ನಕಲು ಮಾಡಿದವರು ಅಲ್ಲಿ ಇಂಗ್ಲಿಷಿನ ಸಂಕೇತವನ್ನೇ ಬಿಟ್ಟಿದ್ದರೆ, ಯಂತ್ರ ಕನ್ನಡವನ್ನು ಇಂಗ್ಲಿಷಿನ ಬಾಯಲ್ಲಿ ತಡವರಿಸಬಹುದು, ಇಲ್ಲವೆ ಮೌನವಾಗಬಹುದು. ಮೂರನೆಯದು ಶೀರ್ಷಿಕೆ. ಭಾಷೆಯ ಸಂಕೇತವೂ ಶೀರ್ಷಿಕೆಯೂ ಹೆಸರಿಗೆ ಮೆಟಾ ಟ್ಯಾಗ್‌ಗಳಲ್ಲ. ಆದರೂ ಅದೇ ಪಂಕ್ತಿಯಲ್ಲಿ ಕೂರತಕ್ಕವು. ನಾಲ್ಕನೆಯದು ವಿವರಣೆ, ‘ಡಿಸ್ಕ್ರಿಪ್ಷನ್’. ಹುಡುಕು ಯಂತ್ರಗಳು ಶೀರ್ಷಿಕೆಯ ಕೆಳಗೆ ತೋರಿಸುವ ಒಂದೆರಡು ಸಾಲುಗಳನ್ನು ಅನೇಕ ವೇಳೆ ಇಲ್ಲಿಂದಲೇ ಎತ್ತಿಕೊಳ್ಳುತ್ತವೆ. ‘ನಮ್ಮ ಪುಟಕ್ಕೆ ಸ್ವಾಗತ’ ಎಂದು ಬರೆದರೆ ಯಾರಿಗೇನು ತಿಳಿದೀತು? ‘ಹುಣಸೂರು ತಾಲ್ಲೂಕು ಗಾವಡಗೆರೆ ಹೋಬಳಿಯ ಕೆರೆಗಳು, ಶಾಸನಗಳು, ಹಿರಿಯರ ನೆನಪುಗಳು’ ಎಂದು ಬರೆದರೆ ಬೇಕಾದವರು ಬರುತ್ತಾರೆ. ಐದನೆಯದು ‘ವ್ಯೂಪೋರ್ಟ್’. 2007ರಲ್ಲಿ ಐಫೋನಿನ ಜೊತೆಗೆ ಬಂದ ಪದ್ಧತಿ ಇದು. ಇದಿಲ್ಲದಿದ್ದರೆ ಕೈಫೋನು ಪುಟವನ್ನು ದೊಡ್ಡ ಪರದೆಯದೆಂದು ಬಗೆದು, ಅಂಗೈಯಗಲಕ್ಕೆ ಕುಗ್ಗಿಸಿ ತೋರಿಸುತ್ತದೆ. ಅಕ್ಷರ ಇರುವೆಯ ಸಾಲಾಗುತ್ತದೆ.

ಇದನ್ನೆಲ್ಲ ನಮ್ಮ ಮನಸ್ಸಿಗೆ ಬಂದಂತೆ ಬರೆಯಬಾರದೆ, ನಿಗದಿಯಾದ ರೂಪವೇ ಏಕೆ ಎಂದು ನೀವು ಕೇಳಬಹುದು. ಇದಕ್ಕೆ ಉತ್ತರ ನಮ್ಮ ನಾಡಿನಲ್ಲೇ ಇದೆ. ಮೈಸೂರು ಸಂಸ್ಥಾನದ ಸಾವಿರಾರು ಶಾಸನಗಳನ್ನು ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ ಗ್ರಂಥಮಾಲೆಯಲ್ಲಿ ಪ್ರಕಟಿಸಿದಾಗ, ತಾಲ್ಲೂಕುವಾರು ವಿಂಗಡಿಸಿ ಒಂದೊಂದಕ್ಕೂ ಅಂಕಿ ಕೊಟ್ಟರು. ಹುಣಸೂರು ತಾಲ್ಲೂಕಿನವು 1898ರಲ್ಲಿ ಹೊರಬಂದ ನಾಲ್ಕನೆಯ ಸಂಪುಟದಲ್ಲಿವೆ. ಸಂಪುಟ, ತಾಲ್ಲೂಕು, ಸಂಖ್ಯೆ, ಇಷ್ಟನ್ನು ಹೇಳಿದರೆ ಸಾಕು. ಮೈಸೂರಿನ ವಿದ್ವಾಂಸನೂ ಲಂಡನ್ನಿನ ವಿದ್ವಾಂಸನೂ ಅದೇ ಕಲ್ಲಿನ ಮುಂದೆ ಬಂದು ನಿಲ್ಲುತ್ತಾರೆ. ಒಬ್ಬರು ಒಂದೊಂದು ಬಗೆಯಾಗಿ ಗುರುತು ಹಾಕಿದ್ದರೆ ಆ ಕಲ್ಲುಗಳು ಪ್ರಕಟವಾಗಿಯೂ ಮರೆಯಾಗಿಯೇ ಉಳಿಯುತ್ತಿದ್ದವು. ಗುರುತು ಎಷ್ಟು ಸೊಗಸಾಗಿದೆ ಎಂಬುದು ಮುಖ್ಯವಲ್ಲ, ಎಲ್ಲರಿಗೂ ಒಂದೇ ಆಗಿದೆಯೆ ಎಂಬುದು ಮುಖ್ಯ.

ಚೀಟಿ ಸುಳ್ಳು ಹೇಳಬಾರದು ಎಂಬುದೂ ಅಷ್ಟೇ ಮುಖ್ಯ. ಪುಟದಲ್ಲಿರುವ ವಿಷಯಗಳ ಪಟ್ಟಿ ಕೊಡಲೆಂದು ‘ಕೀವರ್ಡ್ಸ್’ ಎಂಬ ಟ್ಯಾಗ್ ಒಂದಿತ್ತು. ಗಿರಾಕಿಗಳನ್ನು ಎಳೆಯುವ ಆಸೆಗೆ ಬಿದ್ದ ಜನ ಅದರೊಳಗೆ ಇಲ್ಲದ ಸರಕಿನ ಹೆಸರುಗಳನ್ನೆಲ್ಲ ತುಂಬಿದರು. ಪರಿಣಾಮವೇನಾಯಿತು? ಪುಟಗಳಿಗೆ ಸ್ಥಾನ ಕೊಡುವಾಗ ತಾನು ಆ ಟ್ಯಾಗನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದು ಗೂಗಲ್ 2009ರಲ್ಲಿ ಬಹಿರಂಗವಾಗಿ ಹೇಳಿತು. ಕೆಲವರ ಸುಳ್ಳಿನಿಂದ ಎಲ್ಲರ ಮಾತಿಗೂ ಬೆಲೆ ಹೋಯಿತು.

ನಮ್ಮ ಭಾಷೆಗೆ ಸಂಬಂಧಪಟ್ಟ ಒಂದು ಕಷ್ಟವನ್ನು ಇಲ್ಲಿ ಹೇಳಲೇಬೇಕು. ಕನ್ನಡ ಇಂಟರ್‌ನೆಟ್ಟಿಗೆ ಬಂದ ಮೊದಲ ವರ್ಷಗಳಲ್ಲಿ ಯೂನಿಕೋಡ್ ಬಳಕೆ ಇನ್ನೂ ಬೇರೂರಿರಲಿಲ್ಲ. ಒಳಗೆ ಇಂಗ್ಲಿಷ್ ಅಕ್ಷರಗಳ ಅಂಕಿ, ಮೇಲೆ ಕನ್ನಡದ ಅಚ್ಚು, ಹೀಗೆ ವೇಷ ಹಾಕಿದ ಬರಹವೇ ಆಗ ಹೆಚ್ಚು. ಅಂದಿನವರ ಸಾಹಸ ಸಣ್ಣದಲ್ಲ. ದಾರಿ ಇಲ್ಲದ ಕಡೆ ಅವರು ದಾರಿ ಮಾಡಿದರು. ಆದರೆ ಅಂಥ ಪುಟಕ್ಕೆ ಯುಟಿಎಫ್-8 ಎಂಬ ಚೀಟಿ ಅಂಟಿಸಿದ ಮಾತ್ರಕ್ಕೆ ಅದು ಕನ್ನಡವಾಗುವುದಿಲ್ಲ. ‘ಗಾವಡಗೆರೆ’ ಎಂದು ಹುಡುಕಿದರೆ ಅದು ಸಿಕ್ಕುವುದಿಲ್ಲ, ಯಂತ್ರದ ಪಾಲಿಗೆ ಆ ಹೆಸರು ಅದರಲ್ಲಿ ಇಲ್ಲವೇ ಇಲ್ಲ. ಬರಹವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು, ಆಮೇಲೆ ಚೀಟಿ. ಅಂಥ ಪರಿವರ್ತನೆಯ ಸಲಕರಣೆಗಳು ಈಗ ಸುಲಭವಾಗಿ ದೊರೆಯುತ್ತವೆ. ನಿಮ್ಮ ಮನೆಯಲ್ಲೂ ಹಳೆಯ ಕಡತಗಳಿದ್ದರೆ, ಬರೆದವರು ಬದುಕಿರುವಾಗಲೇ ಈ ಕೆಲಸ ಮಾಡಿಸಿಬಿಡಿ. ಪರಿವರ್ತನೆಯಲ್ಲಿ ಒತ್ತಕ್ಷರಗಳು ಒಮ್ಮೊಮ್ಮೆ ಕೆಡುತ್ತವೆ, ಅವನ್ನು ತಿದ್ದಬಲ್ಲವರು ಬರೆದವರೇ.

ನಿಮ್ಮೂರಿನ ಶಾಲೆಯದೊ ಸಹಕಾರ ಸಂಘದ್ದೊ ಪುಟವೊಂದನ್ನು ಕಂಪ್ಯೂಟರಿನಲ್ಲಿ ತೆರೆದು, ಅದರ ಮೂಲ ಬರಹವನ್ನು ತೋರಿಸುವ ಆದೇಶ ಕೊಟ್ಟು ನೋಡಿ. ಅಕ್ಷರಕ್ರಮ, ಭಾಷೆ, ಶೀರ್ಷಿಕೆ, ವಿವರಣೆ, ಪರದೆಯ ಅಳತೆ, ಈ ಐದೂ ಅದರಲ್ಲಿ ಇವೆಯೆ? ಇಲ್ಲದಿದ್ದರೆ ಪುಟ ಮಾಡಿದವರಿಗೆ ವಿನಯವಾಗಿ ತಿಳಿಸಿ. ಬಲ್ಲವರಿಗೆ ಐದು ನಿಮಿಷದ ಕೆಲಸ.

1935ರಲ್ಲಿ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದರು. ಅದು ‘ಆಕಾಶವಾಣಿ’ ಎಂಬ ಹೆಸರು ಪಡೆಯಿತು. ಬಾನುಲಿಯಲ್ಲಿ ಹಾಡೇ ಇರಲಿ, ಭಾಷಣವೇ ಇರಲಿ, ಅದಕ್ಕೆ ಮುಂಚೆ ಉದ್ಘೋಷಕರು ಕೇಂದ್ರದ ಹೆಸರನ್ನೂ ಕಾರ್ಯಕ್ರಮದ ಹೆಸರನ್ನೂ ಹೇಳುತ್ತಾರೆ. ಕತ್ತಲಲ್ಲಿ ಗುಂಡಿ ತಿರುಗಿಸುತ್ತಿರುವ ಕೇಳುಗ ಆ ಒಂದು ಮಾತಿನಿಂದ ತನ್ನ ಊರಿನ ದನಿಯನ್ನು ಗುರುತಿಸಿ ನಿಲ್ಲುತ್ತಾನೆ. ಗಾವಡಗೆರೆಯ ಉಪಾಧ್ಯಾಯರ ಪುಟಕ್ಕೂ ಆ ಒಂದು ಮಾತು ಬೇಕು. ಅದನ್ನು ಹುಡುಕಿಕೊಂಡು ಬರುವ ಹುಡುಗಿ ಬಾಗಿಲಿನಿಂದ ಹಿಂದಿರುಗಬಾರದಲ್ಲವೆ?